ಸಂಬಂಧ: ತಂಗಿ

"ಶಾಲೆ ಕಲೀದಾಕಿ ಸಿನಿಮಾ ಹೆಂಗೆ ಮಾಡ್ತಿ?" ಎಂದಿದ್ದ ಅಣ್ಣ. ಅಂದಿನಿಂದ ಅವನೊಡನೆ ಮಾತಿಲ್ಲ. ಮೊಬೈಲಿನಲ್ಲೇ ಕಿರುಚಿತ್ರ ಮಾಡಲು ವರ್ಷವಿಡೀ ಕಥೆ ಹುಡುಕಿದೆ. ಅದು ಸಿಕ್ಕಿದ್ದು ಹರಿಹರದ ಕಣ್ಣಾಸ್ಪತ್ರೆಯೊಂದರಲ್ಲಿ. ಪೊರೆ ತೆಗೆಸಲು ದಾವಣಗೆರೆಯಿಂದ ಒಬ್ಬಳೇ ಹೋಗಿದ್ದೆ.

"ಜೊತೆಗೆ ಯಾರು ಬಂದಾರ್ರಿ?" ಎಂದಳು ನರ್ಸ್.

"ಯಾರೂ ಇಲ್ಲ."

"ಸಂಬಂಧಿಕರ ಸಹಿ ಇಲ್ದಿದ್ರೆ ಆಪರೇಷನ್ ಇಲ್ರೀ."

ಎದ್ದು ಹೊರಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು. "ಕೂಡ್ರಿ, ನಂದೂ ಇದೇ ಗೋಳು. ನಿಮ್ಮ ಕಾಗದಕ್ಕೆ ನಾನು ತಂಗಿ, ನನ್ನದಕ್ಕೆ ನೀವು ಅಕ್ಕ."

ಯಾರ ಸಹಾಯವನ್ನೂ ಕೇಳಿದವಳಲ್ಲ ನಾನು. ಅವಳ ಕಾಗದದಲ್ಲಿ 'ಸಂಬಂಧ' ಎಂಬಲ್ಲಿ 'ಅಕ್ಕ' ಎಂದು ಬರೆಯುವಾಗ ಕ-ಒತ್ತು ಕೊಡುವುದನ್ನೇ ಮರೆತೆ.

"ಇಬ್ಬರಿಗೂ ಇವತ್ತೇ ಆಪರೇಷನ್ನಾ? ಮನೇಲಿ ಅಡಿಗೆ ಯಾರು ಮಾಡ್ತಾರ?" ಕಾಗದ ತೆಗೆದುಕೊಳ್ಳಲು ಬಂದ ಬೇರೊಬ್ಬ ನರ್ಸ್ ಕೇಳಿದಳು.

"ನಮ್ಮಕ್ಕನ ಸಾರಿಗಿಂತ ಹೋಟ್ಲೇ ವಾಸಿ ಬಿಡ್ರಿ," ಎಂದಳು ನನ್ನ ತಂಗಿ.

ಅದನ್ನೇ ಚಿತ್ರ ಮಾಡಿ ಮೊದಲು ಅವಳಿಗೆ ತೋರಿಸಿದೆ. ಅವಳ ಮುಖ ಬಾಡಿತು. "ಇದು ಬ್ಯಾಡ್ರಿ ಅಕ್ಕಾ. ನನಗೆ ಯಾರೂ ಇಲ್ಲ ಅಂತ ಊರಿಗೆಲ್ಲ ಸಾರ್ತೀರೇನು?"

ನಾನು ಹಟಮಾರಿ, ಎಲ್ಲರಿಗೂ ತೋರಿಸಿದೆ. ಅವಳು ಮತ್ತೆ ಫೋನ್ ಎತ್ತಲಿಲ್ಲ.

ಈಗ ನನ್ನದೇ ಎನ್ನುವ ಎಂಟು ನಿಮಿಷದ ಚಿತ್ರವೊಂದಿದೆ. ಖರ್ಚೇ ಇಲ್ಲದೆ ಮಾಡಿದ್ದೀರಿ ಎಂದು ಜನ ಹೊಗಳುತ್ತಾರೆ. ಖರ್ಚಾದದ್ದು ಒಬ್ಬ ತಂಗಿ ಮಾತ್ರ.