ಹಿಡಿ ಅಕ್ಕಿಯ ಚೀಲ

ಹರಿಹರದ ನಮ್ಮ ಚರ್ಚಿನ ಮನೆಗಳಲ್ಲಿ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುವುದು ವಾಡಿಕೆ. ಆ ಅಕ್ಕಿಯನ್ನು ಬಟ್ಟೆಚೀಲದಲ್ಲಿ ಹೊತ್ತು, ಹಾಸಿಗೆ ಹಿಡಿದ ಮುದುಕರ ಮನೆಗಳಿಗೆ ಹೋಗುತ್ತಿದ್ದವರು ಚರ್ಚಿನ ಸೇವಕಿ; ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕಿ ಕೊಟ್ಟ ಮೇಲೆ ಚೀಲದ ಬಾಯಿ ಅಗಲಿಸಿ ಹಿಡಿದು, “ಈಗ ನಿಮ್ದೊಂದ್ ಹಿಡಿ ಹಾಕ್ರಿ ಅಜ್ಜಿ, ಬರೀ ಇಸ್ಕೊಳ್ಳೋದು ಬ್ಯಾಡ” ಎನ್ನುತ್ತಿದ್ದರು. ಅಜ್ಜಿಯ ಕೈ ಚೀಲದೊಳಗೆ ಇಳಿಯುವವರೆಗೂ ಕಾಯುತ್ತಿದ್ದರು.

ಈಗ ದಾವಣಗೆರೆಯ ದಾನಿಗಳು ಬಾಯಿ ಅಂಟಿಸಿದ ಅಕ್ಕಿ ಪೊಟ್ಟಣಗಳನ್ನೇ ಕಳಿಸುತ್ತಾರೆ; ಚೀಲ ಮೂಲೆ ಸೇರಿದೆ. ಅಕ್ಕನೂ ಹಾಸಿಗೆ ಹಿಡಿದರು. ಪಾಸ್ಟರ್ ಜೊತೆ ಹೋಗಿ ಅವರಿಗೂ ಪೊಟ್ಟಣ ಕೊಟ್ಟು, ಪ್ರಾರ್ಥನೆ ಮಾಡಿ ಎದ್ದೆವು. ಅವರು ಮಂಚದ ಪಕ್ಕದ ಡಬ್ಬಿಗೆ ಕೈ ಹಾಕಿ, ಅಕ್ಕಿ ತುಂಬಿದ ಮುಷ್ಟಿ ಚಾಚಿದರು.

“ಚೀಲ ಎಲ್ಲೈತ್ರಿ?”

“ಇರ್ಲಿ ಬಿಡ್ರಿ ಅಕ್ಕ, ನೀವೇ ಇಟ್ಕೊಳ್ರಿ” ಎಂದರು ಪಾಸ್ಟರ್, ಪ್ರೀತಿಯಿಂದಲೇ.

ಮುಷ್ಟಿ ಮೆಲ್ಲಗೆ ಡಬ್ಬಿಗೆ ಮರಳಿತು. ಅಕ್ಕ ಗೋಡೆಯ ಕಡೆ ಹೊರಳಿಕೊಂಡರು.