ತೆಗೆಯಲು ಮನಸ್ಸಾಗದ ನಳಿಕೆ

ಅವಳಿಗೆ ‘ಜೋಪಾನಮ್ಮ’ ಎಂದು ಹೆಸರಿಟ್ಟವನು ಗಂಡ. ಹಿಡಿ ಮುರಿದ ಕೊಡೆ, ಮುಚ್ಚಳವಿಲ್ಲದ ಡಬ್ಬಿ, ಜೋಡಿ ಕಳೆದುಕೊಂಡ ಚಪ್ಪಲಿ, ಏನನ್ನೂ ಎಸೆಯಲು ಬಿಡದ ಹೆಂಗಸು. "ನನ್ನನ್ನೂ ಹಾಗೇ ಇಟ್ಕೊಂಡಿದೀಯ" ಎಂದು ಅವನು ಅಣಕಿಸಿದರೆ, "ಎಸೆದ್ರೆ ನಿಮ್ಮನ್ನ ಯಾರು ಎತ್ಕೋತಾರೆ?" ಎನ್ನುತ್ತಿದ್ದಳು. ಈ ಚಾಳಿ ತನ್ನ ಜೊತೆ ಆಸ್ಪತ್ರೆಗೂ ಬರುತ್ತಿದೆಯೆಂದು ಅವಳಿಗೆ ಹೊಳೆದಿರಲಿಲ್ಲ.

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಅವಳು ಹಿರಿಯ ನರ್ಸ್. ಕೈ ತೊಳೆಯದೆ ಮಂಚದ ಹತ್ತಿರ ಬಂದರೆ ದೊಡ್ಡ ಡಾಕ್ಟರಿಗೂ ಮಂಗಳಾರತಿಯೇ. ಆ ಸಲ ಅವಳ ಪಾಲಿಗೆ ಬಂದವಳು ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಪುಟ್ಟ ಹುಡುಗಿ. ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ್ದ ನಳಿಕೆಯಿಂದ ಔಷಧಿ ಹೋಗುತ್ತಿತ್ತು. ಅಂಥ ನಳಿಕೆ ಒಳಗಿದ್ದಷ್ಟು ದಿನವೂ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತೆ. ಅದಕ್ಕೇ ಡಾಕ್ಟರು ದಿನಾ ಬೆಳಿಗ್ಗೆ ಕೇಳುತ್ತಿದ್ದರು:

"ಸಿಸ್ಟರ್, ಇದು ಇನ್ನೂ ಬೇಕಾ? ತೆಗೆದುಬಿಡೋಣ್ವಾ?"

"ಇರಲಿ ಸರ್. ನಾಳೆ ಬೇಕಾದ್ರೆ ಮತ್ತೆ ಚುಚ್ಚಬೇಕಲ್ಲ. ಮಗು ಹೆದರುತ್ತೆ, ಪಾಪ."

ಅವಳ ಅನುಭವಕ್ಕೆ ಬೆಲೆ ಕೊಟ್ಟು ಡಾಕ್ಟರು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಒಂದು ಮಧ್ಯಾಹ್ನ ನಳಿಕೆಗೆ ಔಷಧಿ ಬಿಟ್ಟ ಸ್ವಲ್ಪ ಹೊತ್ತಿಗೇ ಮಗು ಗಡಗಡ ನಡುಗಿತು. ಮೈ ಕೆಂಡವಾಯಿತು. ರಕ್ತದಲ್ಲಿ ಸೋಂಕು, ಅದೂ ನಳಿಕೆಯಿಂದಲೇ ಬಂದದ್ದು ಎಂದು ಪರೀಕ್ಷೆ ಹೇಳಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮುರಿದ ಕೊಡೆಯನ್ನೂ ಮಗುವಿನ ಕತ್ತಿನ ನಳಿಕೆಯನ್ನೂ ಒಂದೇ ಅಟ್ಟದ ಮೇಲಿಟ್ಟ ಮಹಾಬುದ್ಧಿವಂತೆ, ಎಂದು ಅವಳು ತನ್ನನ್ನೇ ಹಂಗಿಸಿಕೊಂಡಳು. ಊರವರ ಕೈಯನ್ನೆಲ್ಲ ತೊಳೆಸಿದ್ದೇ ಬಂತು, ಇವಳ ತಲೆ ತೊಳೆಯುವವರು ಇರಲಿಲ್ಲ. ಮಗು ಉಳಿಯದಿದ್ದರೆ ಎಂದು ಮನಸ್ಸಿಗೆ ಬಂದಾಗ ಮಾತ್ರ ಆ ಹಂಗಿಸುವಿಕೆಯೂ ನಿಂತಿತು. ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ನಳಿಕೆ ತೆಗೆದರು. ಇನ್ನು ಔಷಧಿಗೆ ಕೈಯ ನರವೇ ಗತಿ. ಅಷ್ಟು ಪುಟ್ಟ ಕೈಯಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ, ಮತ್ತೆ ಮತ್ತೆ ಚುಚ್ಚಬೇಕಾಗುತ್ತಿತ್ತು. ಒಂದು ಚುಚ್ಚು ತಪ್ಪಿಸಲು ಹೋದ ಕರುಣಾಮಯಿ ಎರಡೂ ಕೈ ತುಂಬ ಚುಚ್ಚಿದಳು. ಮಗುವಿನ ತಾಯಿ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ಜ್ವರ ಇಳಿದ ಬೆಳಿಗ್ಗೆಯೂ ಔಷಧಿ ಬಾಕಿಯಿತ್ತು. ಅವಳು ಸೂಜಿ ಹಿಡಿದು ಮಂಚದ ಬಳಿ ಕೂತಳು.

"ನೋವಾಗಲ್ಲ ಪುಟ್ಟಿ, ಸ್ವಲ್ಪಾನೂ ನೋವಾಗಲ್ಲ" ಎಂದಳು. ಸೂಜಿಯನ್ನು ಹತ್ತಿರ ತಂದವಳು ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

ಹುಡುಗಿ ತಾನೇ ತೋಳು ಚಾಚಿದಳು.

"ನೋವಾಗುತ್ತೆ, ನಂಗೊತ್ತು. ನಂಗೇನೂ ಭಯ ಇಲ್ಲ. ನೀವು ಹೆದರ್ಕೋಬೇಡಿ ಆಂಟಿ."