ಗೋಡೆಯ ಮೇಲಿನ ಸಾಹುಕಾರರು

ಶಿರಂಗಾಲದಲ್ಲಿ ಹಬ್ಬ ಬರಲಿ, ಮದುವೆ ಬರಲಿ, ಗೋಡೆಗೆ ಸುಣ್ಣ ಬಳಿದು ಬುಡಕ್ಕೆ ಕೆಮ್ಮಣ್ಣಿನ ಕೆಂಪು ಪಟ್ಟಿ, ಅಂದರೆ ಕಾರಣೆ, ಎಳೆಯಲು ಚಲುವಮ್ಮನೇ ಆಗಬೇಕು. ಕೊಡಗಿಗೆ ಮಡಿಕೇರಿಯಲ್ಲೇ ತನ್ನದೊಂದು ಸರ್ಕಾರವಿದ್ದ ಆ ವರ್ಷಗಳಲ್ಲಿ ಊರಿನ ಅರ್ಧ ಮನೆಗಳು ಬೆಳ್ಳಗಿದ್ದದ್ದು ಅವಳ ಕೈಯಿಂದ. ಗಂಡ ಸತ್ತ ಹೆಂಗಸು, ಯಾರ ತಂಟೆಗೂ ಹೋದವಳಲ್ಲ. ಸಾಹುಕಾರ ಶಿವಶಂಕರಪ್ಪನವರೇ ಅವಳ ಮಗಳ ತಂಟೆಗೆ ಬಂದರು.

ಮಗಳು ನಿಂಗಿಗೆ ಆಗ ಐದು ವರ್ಷ. ಕೈಗೆ ಇದ್ದಿಲು ಸಿಕ್ಕರೆ ಕಲ್ಲು, ಬಾಗಿಲು, ಮಲಗಿದ ಬಿಳಿ ನಾಯಿಯ ಬೆನ್ನು, ಯಾವುದನ್ನೂ ಬಿಡುತ್ತಿರಲಿಲ್ಲ. ತಾಯಿ ಸಾಹುಕಾರರ ಪಡಸಾಲೆಗೆ ಸುಣ್ಣ ಬಳಿಯುತ್ತಿದ್ದ ದಿನ, ಒಣಗಿದ ಮೂಲೆಯಲ್ಲಿ ಅವರದೇ ಚಿತ್ರ ಬರೆದಳು. ಹೊಟ್ಟೆಯೇ ಇಲ್ಲ, ತಲೆಯಿಂದಲೇ ನೇರ ಎರಡು ಕಾಲು, ಮುಖಕ್ಕಿಂತ ಅಗಲ ಮೀಸೆ. ಬೆಳಿಗ್ಗೆ ಬೆಲ್ಲ ಕೊಟ್ಟಿದ್ದರೆಂಬ ಪ್ರೀತಿಗೆ ಬರೆದದ್ದು. ಪಂಚೆ ಹಿಡಿದೆಳೆದು ತಂದು ತೋರಿಸಿದಳು.

"ಅಯ್ಯ, ಇದು ನೀವೇ."

ಸಾಹುಕಾರರು ತೆಂಗಿನ ನಾರನ್ನು ಸುಣ್ಣದ ಗಡಿಗೆಗೆ ಅದ್ದಿ ಮಗುವಿನ ಕೈಗೆ ಕೊಟ್ಟು, ಪೂರ್ತಿ ಅಳಿಸುವ ತನಕ ಉಜ್ಜಿಸಿದರು. ಬೆರಳ ಸಂದಿಗಳೆಲ್ಲ ಸುಟ್ಟು ಚರ್ಮ ಎದ್ದಿತು.

"ಬಿಟ್ಬುಡಿ ಬುದ್ಧಿ, ನಾನು ಅಳಿಸ್ತೀನಿ," ಎಂದು ಚಲುವಮ್ಮ ಕಾಲು ಹಿಡಿದಳು.

"ಇವತ್ತು ಗೋಡೆ, ನಾಳೆ ನಮ್ಮ ತಲೆ ಮೇಲೆ ಬರೀತಾಳೆ," ಎಂದರು ಅವರು.

ಗಾಯ ಮಾಯಿತು. ನಿಂಗಿ ಮಾತ್ರ ಮತ್ತೆ ಇದ್ದಿಲು ಮುಟ್ಟಲಿಲ್ಲ. ತಾಯಿಯೇ ತಂದು ಕೊಟ್ಟರೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಚಲುವಮ್ಮನಿಗೆ ಒಂದೇ ಹಟ. ಆ ಮನುಷ್ಯನ ಮಾನ ನಾಲ್ಕು ಜನರ ಮುಂದೆ ಹೋಗಬೇಕು, ತಾನು ನಿಂತು ನೋಡಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಮರುವರ್ಷ ಸಾಹುಕಾರರ ಮಗಳನ್ನು ನೋಡಲು ಅರಕಲಗೂಡಿನಿಂದ ಗಂಡಿನವರು ಬರುವವರಿದ್ದರು. ಚಲುವಮ್ಮನಿಗೆ ಕರೆ ಬಂತು. ಬಾಯಿ ಮುಚ್ಚಿಕೊಂಡು ಹೋದಳು. ತೆಳ್ಳನೆಯ ಸುಣ್ಣ ಹಸಿಯಿದ್ದಾಗ ಕಣ್ಣಿಗೆ ಬೀಳುವುದಿಲ್ಲ, ಒಣಗಿದ ಹಾಗೆ ಬೆಳ್ಳಗಾಗುತ್ತದೆ. ಬಳಿದು ಬಳಿದು ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ನೆಂಟರು ಬರುವ ಹೊತ್ತಿಗೆ ಸರಿಯಾಗಿ ಕಾರಣೆ ಮುಗಿಸಿ, ಆ ಹಸಿ ಕೆಂಪಿನ ಉದ್ದಕ್ಕೂ ತೆಳು ಸುಣ್ಣದಲ್ಲಿ ಅದ್ದಿದ ಬೆರಳಾಡಿಸಿ ಅಂಗಳಕ್ಕಿಳಿದಳು.

"ಒರಗಬೇಡಿ, ಗೋಡೆ ಹಸಿ ಇದೆ," ಎಂದು ಸಾಹುಕಾರರೇ ನೆಂಟರಿಗೆ ಹೇಳಿದರು.

ಉಪ್ಪಿಟ್ಟು, ಕಾಫಿ ಮುಗಿದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಗೋಡೆಯಲ್ಲಿ ಒಂದು ಮೀಸೆ ಮೂಡಿತು. ಆಮೇಲೆ, ನಿಂಗಿ ಬರೆದಿದ್ದ ಹಾಗೆಯೇ, ತಲೆಯಿಂದಲೇ ನೇರ ಎರಡು ಕಾಲು. ಆಮೇಲೆ ಪಕ್ಕದಲ್ಲಿ ಇನ್ನೊಬ್ಬ, ಅವನ ಪಕ್ಕ ಮತ್ತೊಬ್ಬ.

"ಅಜ್ಜಿ, ಈ ಮೀಸೆ ತಾತ ಗೋಡೆ ತುಂಬ ಬರ್ತಾವ್ರೆ," ಎಂದಿತು ನೆಂಟರ ಮಗು.

ಗಂಡಿನ ಅಜ್ಜಿ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಅಡಿಕೆ ಹೊರಗೆ ಬಂತು. ಸಾಹುಕಾರರು ಎದ್ದು ಶಲ್ಯದಿಂದ ಒರೆಸಹೋದರು. ಶಲ್ಯವೂ ಕೆಂಪಾಯಿತು, ಅಂಗೈಯೂ ಕೆಂಪಾಯಿತು. ನಗು ಅಡುಗೆಮನೆಯವರೆಗೂ ಹಬ್ಬಿತು. ಚಲುವಮ್ಮ ಅಂಗಳದಲ್ಲಿ ನಿಂತು ಕಣ್ಣು ತುಂಬ ನೋಡಿದಳು. ಆ ಮನೆಯ ಕೆಲಸ ಅಂದಿಗೇ ತಪ್ಪಿತು, ತಪ್ಪಲಿ. ಊರಿನ ಬಾಯಲ್ಲಿ ಶಿವಶಂಕರಪ್ಪನವರು ಸಾಯುವ ತನಕ ತಲೆಗಾಲಪ್ಪನಾಗಿಯೇ ಉಳಿದರು.

ಮನೆಗೆ ಬಂದು ನಗುತ್ತಲೇ ಮಗಳಿಗೆ ಎಲ್ಲ ಹೇಳಿದಳು. ನಿಂಗಿ ನಗಲಿಲ್ಲ. ಓಡಿ ಬಂದು ತಾಯಿಯ ಎರಡೂ ಕೈ ಹಿಡಿದು, ತಿರುಗಿಸಿ, ಬೆರಳು ಬೆರಳು ಬಿಡಿಸಿ ನೋಡತೊಡಗಿದಳು.

"ಎಲ್ಲಿ ಸುಟ್ರು ಅವ್ವ?"

"ನನ್ನ ಯಾರೂ ಸುಟ್ಟಿಲ್ಲ ಕಣೆ."

ನಿಂಗಿ ನಂಬಲಿಲ್ಲ, ಹುಡುಕುತ್ತಲೇ ಇದ್ದಳು. ಆ ಮನುಷ್ಯನಿಗೆ ಮಾಡಿದ್ದು ಏನೇನೂ ಸಾಲದೆನಿಸಿತು ಚಲುವಮ್ಮನಿಗೆ.